ಬ್ಲೇಡನ್ನು ಬಯ್ಯುವ ಮೊದಲು ಕಾಲರ್ ಬಿಚ್ಚು

ಮಗಾ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಬಹುದಿತ್ತು. "ಚಿಕ್ಕಪ್ಪ, ಈ ತಿಂಗಳಿಗೆ ಇದು ಮೂರನೇ ಬ್ಲೇಡು. ಅಂಗಡಿ ಬದಲಾಯಿಸಲಾ?" ಅಂದೆ. ನಿನ್ನ ಮಾತಿನ ಹಿಂದೆ ಬ್ಲೇಡು ಕಿರುಚುತ್ತಿದ್ದದ್ದು ನನಗೆ ಇಲ್ಲಿಗೇ ಕೇಳಿಸಿತು. ಆ ಗದ್ದಲದಲ್ಲಿ ಹೇಳಿದರೆ ನಿನ್ನ ತಲೆಗೆ ಹೋಗುವುದಿಲ್ಲ ಅಂತ ಸುಮ್ಮನಾದೆ. ಈಗ ನಿಧಾನವಾಗಿ ಬರೆಯುತ್ತಿದ್ದೇನೆ, ನೀನೂ ನಿಧಾನವಾಗಿ ಓದು.

ವೈಟ್‌ಫೀಲ್ಡಿನ ಕಂಪ್ಯೂಟರ್ ಕೆಲಸ ಬಿಟ್ಟು ಅಪ್ಪನ ಪೀಣ್ಯದ ಶೆಡ್ಡಿಗೆ ಬಂದವನು ನೀನು. ಪ್ಯಾಲೆಟ್ಟು, ಪ್ಯಾಕಿಂಗ್ ಪೆಟ್ಟಿಗೆಗಳ ಲೆಕ್ಕಾಚಾರವನ್ನು ನಮ್ಮೆಲ್ಲರಿಗಿಂತ ಬೇಗ ಕಲಿತೆ. ಆದರೆ ಲೆಕ್ಕ ಬಲ್ಲವನು ಈ ಒಂದು ಲೆಕ್ಕ ಹಾಕಿಲ್ಲ. ದಿಮ್ಮಿ ಬಿಡಿಸುವುದು ಬ್ಯಾಂಡ್‌ಸಾ. ಹಲಗೆಯಿಂದ ರೀಪು ತೆಗೆಯುವ ನಿನ್ನ ಮೇಜಿನ ಮೇಲಿರುವುದು 24 ಇಂಚಿನ ಸರ್ಕ್ಯುಲರ್ ಬ್ಲೇಡು, ಅದಕ್ಕೆ ನೇರವಾಗಿ ನಿಮಿಷಕ್ಕೆ 1440 ಸುತ್ತಿನ ಮೋಟರು. ಅಂಚಿನ ಹಲ್ಲು ಸೆಕೆಂಡಿಗೆ ಸುಮಾರು 46 ಮೀಟರ್ ಓಡುತ್ತದೆ. ಗಂಟೆಗೆ 160 ಕಿಲೋಮೀಟರ್ ದಾಟಿತು! ನಮ್ಮ ತುಮಕೂರು ರಸ್ತೆ ಕನಸಿನಲ್ಲೂ ಕಾಣದ ವೇಗ. ಆ ವೇಗದಲ್ಲಿ ಹಲ್ಲು ಕೊಯ್ಯುತ್ತಿದ್ದರೆ ಕಾವನ್ನು ಹೊಟ್ಟೇ ಹೊತ್ತುಕೊಂಡು ಹೋಗುತ್ತದೆ. ಬ್ಲೇಡಿನ ಮೈ ಮರಕ್ಕೆ ಉಜ್ಜತೊಡಗಿತೋ, ಕಾವು ಉಕ್ಕಿನಲ್ಲೇ ಉಳಿಯುತ್ತದೆ. ಕಾದ ಬ್ಲೇಡು ತೊನೆಯುತ್ತದೆ, ತೊನೆದಷ್ಟೂ ಇನ್ನಷ್ಟು ಉಜ್ಜುತ್ತದೆ. ನಿನ್ನ ಮೂರು ಬ್ಲೇಡುಗಳೂ ಹೀಗೇ ಸತ್ತವು. ಉಜ್ಜಾಟ ಎಲ್ಲಿಂದ ಶುರುವಾಯಿತು ಅಂತ ಹುಡುಕದೆ ಇನ್ನೊಂದು ಬ್ಲೇಡು ತಂದರೆ ಅದೂ ಅದೇ ದಾರಿ ಹಿಡಿಯುತ್ತದೆ.

ನಿನ್ನ ವಯಸ್ಸಿನಲ್ಲಿ ನಾನೂ ಇದೇ ತಪ್ಪು ಮಾಡಿದವನೇ. ಒಂದೇ ಬ್ಲೇಡನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿಸಲು ಮೂರು ಸಲ ಕಳಿಸಿ, ಮೂರು ಸಲವೂ ಮೇಸ್ತ್ರಿಯನ್ನು ಬಯ್ದೆ. ನಾಲ್ಕನೇ ಸಲ ಆತ ಬ್ಲೇಡು ಮುಟ್ಟಲೇ ಇಲ್ಲ. ನಮ್ಮ ಶೆಡ್ಡಿಗೇ ಬಂದು, ನಟ್ಟು ಬಿಚ್ಚಿಸಿ, ಬ್ಲೇಡನ್ನು ಎರಡೂ ಬದಿಯಿಂದ ಹಿಡಿಯುವ ಕಾಲರಿನ ಮುಖದ ಮೇಲೆ ಉಗುರು ಆಡಿಸಿದ. ಅಂಟು ಹಿಡಿದು ಗಟ್ಟಿಯಾದ ಹೊಟ್ಟಿನ ಚಕ್ಕೆಯೊಂದು ಎದ್ದು ಬಂತು, ಕಾಗದದಷ್ಟು ದಪ್ಪ. ಅದನ್ನು ನನ್ನ ಅಂಗೈಯಲ್ಲಿಟ್ಟು, ಬೀಡಿ ಹಚ್ಚಿಕೊಂಡು ಹೊರಟುಹೋದ. ಒಂದು ಮಾತೂ ಆಡಲಿಲ್ಲ. ಈಗ ನೀನೇ ಲೆಕ್ಕ ಹಾಕು. ಕಾಲರಿನ ಅಗಲ 5 ಇಂಚು, ಬ್ಲೇಡಿನದು 24. ಕಾಲರಿನ ಅಂಚಿನಲ್ಲಿ 0.1 ಮಿ.ಮೀ. ಕಸ ಕೂತರೆ ಬ್ಲೇಡಿನ ಅಂಚಿನಲ್ಲಿ ಅದು ಹತ್ತಿರಹತ್ತಿರ ಅರ್ಧ ಮಿ.ಮೀ. ತೊನೆತ. ಹಲ್ಲನ್ನು ಒಂದೊಂದು ಬದಿಗೆ ನಾವು ಬಗ್ಗಿಸುವ ಸೆಟ್ಟಿಂಗೂ ಅಷ್ಟೇ. ಅರ ಹಾಕಿ, ಹಲ್ಲು ಬಗ್ಗಿಸಿ ಗಳಿಸಿದ್ದೆಲ್ಲ ಒಂದು ಚಕ್ಕೆಗೆ ದಾನ.

ಆದ್ದರಿಂದ ಬ್ಲೇಡು ಬದಲಿಸಿದಾಗೆಲ್ಲ ಎರಡೂ ಕಾಲರುಗಳನ್ನು ಸೀಮೆಎಣ್ಣೆಯಲ್ಲಿ, ಅದು ಸಿಗದಿದ್ದರೆ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸು. ಕಾಲರಿನ ನಡುಭಾಗ ಕೊಂಚ ತಗ್ಗಾಗಿರುತ್ತದೆ. ಬ್ಲೇಡನ್ನು ಹಿಡಿಯಬೇಕಾದದ್ದು ಅಂಚಿನ ಉಂಗುರ. ಆ ಉಂಗುರಕ್ಕೆ ಫಿಟ್ಟರುಗಳು ಬಳಿಯುವ ನೀಲಿಯನ್ನು ತೆಳ್ಳಗೆ ಹಚ್ಚಿ, ಬ್ಲೇಡು ಬಿಗಿದು ಬಿಚ್ಚು. ನೀಲಿ ಬ್ಲೇಡಿಗೆ ಸುತ್ತಲೂ ಒಂದೇ ಸಮ ಹತ್ತಿರಬೇಕು. ಒಂದು ಕಡೆ ಹತ್ತಿ ಇನ್ನೊಂದು ಕಡೆ ಖಾಲಿ ಬಿಟ್ಟಿದ್ದರೆ ಕಾಲರನ್ನು ಲೇತಿಗೆ ಹಾಕಿಸು. ಪೀಣ್ಯದಲ್ಲಿ ಲೇತಿಗೆ ಬರವೇ? ಗೋಡೆಯಾಚೆ ಕೂಗಿದರೆ ಸಾಕು. ಹಾಗೇ ಶಾಫ್ಟನ್ನು ಉದ್ದಕ್ಕೆ ತಳ್ಳಿ ಎಳೆದು ನೋಡು, ಅಲ್ಲಾಡಬಾರದು. ಒಂದು ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಬೇರಿಂಗ್ ಮನೆಯ ಮೇಲೆ ಕೈಯಿಟ್ಟರೆ ಇಟ್ಟುಕೊಳ್ಳುವ ಹಾಗಿರಬೇಕು. ಸುಟ್ಟರೆ ಆ ಕಾವು ಶಾಫ್ಟಿನ ಮೂಲಕ ಬ್ಲೇಡಿನ ನಡುವಿಗೆ ಏರುತ್ತಿದೆ ಅಂತ ಅರ್ಥ.

ಇನ್ನು ಮರ ಒರಗಿಸಿ ನೂಕುವ ಗೈಡು. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಅದನ್ನು ಮುಂದಕ್ಕೆ ತಂದು ಗೈಡಿನಿಂದ ಎಷ್ಟು ದೂರ ಅಳೆ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆ. ಬೇರೆ ಹಲ್ಲಿನಿಂದ ಅಳೆದರೆ ಬ್ಲೇಡಿನ ಸೊಟ್ಟವೂ ಲೆಕ್ಕದಲ್ಲಿ ಬೆರೆತು ಮೋಸ ಹೋಗುತ್ತೀಯ. ಹಿಂದಿನ ದೂರ ಕೂದಲೆಳೆಯಷ್ಟು ಹೆಚ್ಚಿದ್ದರೆ ಒಳ್ಳೆಯದು, ಕಡಿಮೆ ಅಂತೂ ಇರಲೇಬಾರದು. ಕೊಯ್ದ ರೀಪಿನ ಒಂದೇ ಮುಖ ಸುಟ್ಟಂತೆ ಕಪ್ಪಾಗುತ್ತಿದೆ ಅಂದೆಯಲ್ಲ, ಮೊದಲ ಅನುಮಾನ ಗೈಡಿನ ಮೇಲೆ. ಎರಡನೆಯದು, ಒಂದು ಬದಿಯ ಹಲ್ಲುಗಳು ಕಡಿಮೆ ಬಗ್ಗಿವೆ.

ಬ್ಲೇಡನ್ನು ಬಡಿಯುವುದೆಂದರೆ ಸೊಟ್ಟ ತೆಗೆಯುವುದು ಅಂತ ನೀನು ತಿಳಿದಿದ್ದೀಯ. ಅದು ಅರ್ಧ ಕೆಲಸ. ತಿರುಗುವಾಗ ಅಂಚು ಹೊರಕ್ಕೆ ಹಿಗ್ಗುತ್ತದೆ, ಕೊಯ್ಯುವಾಗಿನ ಕಾವಿಗೂ ಹಿಗ್ಗುತ್ತದೆ. ನಡುಭಾಗ ಮೊದಲೇ ಸ್ವಲ್ಪ ಸಡಿಲವಾಗಿದ್ದರೆ ಮಾತ್ರ ಓಟದಲ್ಲಿ ಬ್ಲೇಡು ನೆಟ್ಟಗೆ ನಿಲ್ಲುತ್ತದೆ. ಮೇಸ್ತ್ರಿ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಡುಭಾಗವನ್ನು ಹಿಗ್ಗಿಸಿ ಅಂಚಿಗೆ ಬೇಕಾದ ಬಿಗಿ ಕೂರಿಸುತ್ತಾನೆ. 2021ರ ಡಿಸೆಂಬರಿನಲ್ಲಿ ನಮ್ಮ ಪೀಣ್ಯದ ಫ್ಲೈಓವರ್ ಬಂದ್ ಮಾಡಿ, ಆಮೇಲೆ ಎಷ್ಟೋ ಕಾಲ ಲಾರಿಗಳನ್ನು ಮೇಲೆ ಬಿಡಲಿಲ್ಲ, ನೆನಪಿದೆಯಲ್ಲ? ಕಾಂಕ್ರೀಟು ಎದುರಿಗೆ ಗಟ್ಟಿಯಾಗಿಯೇ ಕಾಣುತ್ತಿತ್ತು, ತೊಂದರೆ ಇದ್ದದ್ದು ಒಳಗೆ ಬಿಗಿದಿದ್ದ ಕೇಬಲ್ಲುಗಳಲ್ಲಿ. ಬ್ಲೇಡಿನ ಬಿಗಿಯೂ ಕಣ್ಣಿಗೆ ಕಾಣುವಂಥದ್ದಲ್ಲ. ಅದನ್ನು ಒಂದು ವೇಗಕ್ಕೆ ಅಂತಲೇ ಕೂರಿಸಿರುತ್ತಾರೆ. ಪುಲ್ಲಿ ಹಾಕಿಸಿ ವೇಗ ಏರಿಸುವ ಯೋಚನೆ ನಿನಗಿದೆ ಅಂತ ಕೇಳಿದೆ. ಬೇಡ. ಬ್ಲೇಡಿನ ಮೇಲೆ ಬರೆದ ಮಿತಿಯನ್ನು ಎಂದೂ ದಾಟಬೇಡ. ಬಡಿಸಲು ಕೊಡುವಾಗ ಬ್ಲೇಡು ನಿಮಿಷಕ್ಕೆ ಎಷ್ಟು ಸುತ್ತು ಓಡುತ್ತದೆ ಅಂತ ಚೀಟಿಯಲ್ಲಿ ಬರೆದುಕೊಡು.

ಹಲ್ಲಿನ ವಿಷಯ ನನಗೆ ಪ್ರೀತಿಯದು, ಆದರೆ ಚಿಕ್ಕದಾಗಿ ಮುಗಿಸುತ್ತೇನೆ. ಹೊಟ್ಟನ್ನು ಅಂಗೈಯಲ್ಲಿ ಹಿಡಿದು ನೋಡು. ರವೆಯಂತೆ ಕಾಳುಕಾಳಾಗಿದ್ದರೆ ಹಲ್ಲು ಕೊಯ್ಯುತ್ತಿದೆ. ರಾಗಿ ಹಿಟ್ಟಿನಂತೆ ನುಣ್ಣಗಾದರೆ ಕೂಡಲೇ ಬ್ಲೇಡು ಇಳಿಸು, ಸಂಜೆಯವರೆಗೆ ಕಾಯಬೇಡ. ಎಲ್ಲ ಹಲ್ಲಿನ ತುದಿಯೂ ಒಂದೇ ಸುತ್ತಿನಲ್ಲಿರಬೇಕು. ಎರಡು ಹಲ್ಲು ಎತ್ತರವಿದ್ದರೆ ಉಳಿದವರ ದುಡಿಮೆಯೆಲ್ಲ ಅವೆರಡರ ತಲೆಗೆ. 2.5 ಮಿ.ಮೀ. ದಪ್ಪದ ಬ್ಲೇಡಿಗೆ ಒಂದೊಂದು ಬದಿಗೆ 0.4ರಿಂದ 0.6 ಮಿ.ಮೀ. ಸೆಟ್ಟಿಂಗ್ ಸಾಕು. ಒಣಮರಕ್ಕೆ ಕಡಿಮೆ, ಹಸಿಮರಕ್ಕೆ ಹೆಚ್ಚು. ಬಗ್ಗಿಸುವುದು ಹಲ್ಲಿನ ಮೇಲಿನ ಮೂರರಲ್ಲೊಂದು ಭಾಗವನ್ನು, ಬುಡವನ್ನಲ್ಲ. ಎರಡು ಹಲ್ಲಿನ ನಡುವಿನ ಕುಳಿ ಗುಂಡಗಿರಲಿ, ಅಲ್ಲಿ ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ನಿನ್ನ ಹುಡುಗರು ಗ್ರೈಂಡರ್ ಒತ್ತಿ ಹಿಡಿಯುತ್ತಾರೆ, ನಾನು ನೋಡಿದ್ದೇನೆ. ತುದಿಗೆ ನೀಲಿ ಬಣ್ಣ ಬಂತೆಂದರೆ ಉಕ್ಕಿನ ಹದ ಹೋಯಿತು. ಮುಟ್ಟಿ ಬಿಡಬೇಕು, ಮುಟ್ಟಿ ಬಿಡಬೇಕು. ಕಾರ್ಬೈಡ್ ಹಲ್ಲಿನ ಬ್ಲೇಡು ತಂದರೆ ಬಗ್ಗಿಸುವ ಗೊಡವೆಯಿಲ್ಲ, ಆದರೆ ಅದಕ್ಕೆ ಡೈಮಂಡ್ ಚಕ್ರವೇ ಬೇಕು, ಮೊಳೆ ಕಂಡರೆ ಆಗುವುದಿಲ್ಲ.

ಮೊಳೆ ಅಂದಾಗ ನೆನಪಾಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ರಸ್ತೆ ಅಗಲಿಸುವಾಗ ಉರುಳಿದ ಸಾಲುಮರದ ದಿಮ್ಮಿ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡಬೇಡ. ಪಿಜಿ ಇದೆ, ಟ್ಯೂಷನ್ ಇದೆ ಅಂತ ಬೋರ್ಡು ಹೊಡೆದ ಮೊಳೆಗಳನ್ನೆಲ್ಲ ಆ ಮರ ನುಂಗಿಕೊಂಡಿರುತ್ತದೆ. ಮೊದಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿದದ್ದಕ್ಕೆ ಕಾಗದ ಕೇಳು, ಆಮೇಲೆ ಲೋಹ ಹುಡುಕುವ ಕೈಯಂತ್ರ ಆಡಿಸು. ಇನ್ನು ಮರದ ಸ್ವಭಾವ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಿಂದ ಬರುವ ಸಿಲ್ವರ್ ಓಕ್ ಸಾಧು ಮರ. ನೀಲಗಿರಿ ಹಾಗಲ್ಲ. ಹೊಸದಾಗಿ ನೆಡಬಾರದು ಅಂತ ಸರ್ಕಾರ 2017ರಲ್ಲಿ ಆದೇಶ ಹೊರಡಿಸಿದರೂ ಹಳೇ ತೋಪುಗಳ ಮರ ಇನ್ನೂ ಬರುತ್ತಿದೆ. ಅದರ ಮೈಯೊಳಗೇ ಬಿಗಿತವಿರುತ್ತದೆ, ಕೊಯ್ಯುತ್ತಿದ್ದಂತೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಕಚ್ಚಿದ ಮರ ಕುದುರೆಯಂತೆ ಒದೆಯುತ್ತದೆ.

ಅದಕ್ಕಾಗಿಯೇ ಬ್ಲೇಡಿನ ಹಿಂದೆ ಒಂದು ಕತ್ತಿ ನಿಲ್ಲಿಸಿರುತ್ತಾರೆ, ಸೀಳು ಮುಚ್ಚದ ಹಾಗೆ. ನಿನ್ನ ಶೆಡ್ಡಿನಲ್ಲಿ ಅದನ್ನು ಬಿಚ್ಚಿ ಮೂಲೆಗೆ ಎಸೆದಿದ್ದಾರೆ. ಇವತ್ತೇ ಹಾಕಿಸು. ಬ್ಲೇಡಿನ ತಗಡಿಗಿಂತ ದಪ್ಪ, ಸೀಳಿಗಿಂತ ತೆಳ್ಳಗೆ, ಹಲ್ಲಿನಿಂದ ಅರ್ಧ ಇಂಚಿಗಿಂತ ದೂರ ಬೇಡ. ಮೇಲಿನ ಮುಸುಕನ್ನೂ ಕೂರಿಸು. ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಬೇಡ, ಹೆಗಲ ಟವೆಲ್ಲು ಬೇಡ. ಬಿಹಾರ, ಒಡಿಶಾದಿಂದ ಬಂದ ಹುಡುಗರಿಗೆ ಕನ್ನಡದ ಬೋರ್ಡು ತೂಗುಹಾಕಿದರೆ ಏನು ಬಂತು? ಬ್ಲೇಡಿನ ನೇರಕ್ಕೆ ಯಾರೂ ನಿಲ್ಲಬಾರದು ಅಂತ ನೆಲಕ್ಕೆ ಹಳದಿ ಬಣ್ಣದ ಗೆರೆ ಎಳೆ, ಅದು ಎಲ್ಲರಿಗೂ ಓದಲು ಬರುತ್ತದೆ.

ಮಾದಾವರದ ಬಿಐಇಸಿಯಲ್ಲಿ ಇಂಡಿಯಾವುಡ್ ಪ್ರದರ್ಶನ ನಡೆದಾಗ ಹೋಗಿ ಹೊಸ ಯಂತ್ರ ನೋಡು, ಬೇಡ ಅನ್ನುವುದಿಲ್ಲ. ಮರದ ಗುಣ ತಿಳಿಯಬೇಕಾದರೆ ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಆದರೆ ಅದಕ್ಕೆ ಮೊದಲು, ಬರುವ ಭಾನುವಾರ ಹತ್ತು ಗಂಟೆಗೆ ನಾನು ಶೆಡ್ಡಿಗೆ ಬರುತ್ತೇನೆ. ನಾಲ್ಕನೇ ಬ್ಲೇಡು ಕೊಳ್ಳಬೇಡ. ಕಾಲರ್ ಬಿಚ್ಚಿಟ್ಟಿರು, ಮೇನ್ ಸ್ವಿಚ್ಚಿನ ಫ್ಯೂಸು ತೆಗೆದು ನಿನ್ನ ಜೇಬಿನಲ್ಲಿ ಇಟ್ಟುಕೊಂಡ ಮೇಲೆ.