ತಗ್ಗಿಸಿದ ಕಾರಿನ ಶಬ್ದನಿದಾನ

ಕಾರನ್ನು ನೆಲಕ್ಕೆ ಸಮೀಪವಾಗಿ ತಗ್ಗಿಸುವುದರಿಂದ ಅದರ ಗುರುತ್ವಕೇಂದ್ರ ಕೆಳಗಿಳಿದು ತಿರುವುಗಳಲ್ಲಿ ಮೈ ವಾಲುವುದು ಕಡಮೆಯಾಗುವುದೆಂಬುದೂ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಣ ತೆರಪು ಕಿರಿದಾಗಿ ನೋಟಕ್ಕೊಂದು ಬಿಗಿ ಬರುವುದೆಂಬುದೂ ದಿಟವೇ. ಆದರೆ ಈ ಎರಡು ಲಾಭಗಳ ಬೆನ್ನಿಗೆ ಹಿಂಗಾಲಿಗಳ ಕಡೆಯಿಂದ ಒಂದು ಸದ್ದೂ ಬಂದು ಸೇರುವುದುಂಟು. ನನ್ನ ಮಾರುತಿ ಸ್ವಿಫ್ಟಿನ ಮೂಲ ಸ್ಪ್ರಿಂಗುಗಳನ್ನು ತೆಗೆಸಿ, ಸುಮಾರು 30 ಮಿಲಿಮೀಟರಿನಷ್ಟು ತಗ್ಗಿಸುವ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿದ ಮೇಲೆ ಆ ಸದ್ದಿನ ಮೂಲವನ್ನು ಅರಸುವ ಕೆಲಸ ನನ್ನ ಪಾಲಿಗೂ ಬಂದಿತು. ಅದರಿಂದ ತಿಳಿದುದರ ಸಾರವಿಷ್ಟು: ಸ್ಪ್ರಿಂಗೊಂದನ್ನು ಬದಲಾಯಿಸಿದೆವೆಂದು ನಾವು ಭಾವಿಸುವಾಗ, ಮಿಕ್ಕೆಲ್ಲ ಭಾಗಗಳೂ ಯಾವ ಎತ್ತರವನ್ನು ನಂಬಿ ಬಿಗಿಯಲ್ಪಟ್ಟಿದ್ದುವೋ ಆ ಎತ್ತರವನ್ನೇ ಬದಲಾಯಿಸಿರುತ್ತೇವೆ. ನೆಲ ಕುಸಿದ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೆ ಬಾಗಿಲನ್ನು ದೂರಿ ಫಲವೇನು?

ಈ ಜಾತಿಯ ಸಣ್ಣ ಕಾರುಗಳ ಹಿಂಭಾಗದ ರಚನೆ ಬಹು ಸರಳವಾದುದು. ಎಡಬಲದ ಎರಡು ತೋಳುಗಳನ್ನು ಅಡ್ಡಲಾಗಿ ಒಂದು ಉಕ್ಕಿನ ತೊಲೆ ಜೋಡಿಸುತ್ತದೆ. ತೋಳುಗಳ ಮುಂತುದಿಗಳು ರಬ್ಬರಿನ ಬುಶ್ಶುಗಳ ಮೂಲಕ ಕಾರಿನ ಮೈಗೆ ಅಂಟಿಕೊಂಡಿರುತ್ತವೆ. ತೋಳಿನ ಮೇಲೊಂದು ಪೀಠದಲ್ಲಿ ಸ್ಪ್ರಿಂಗು ಕುಳಿತಿರುತ್ತದೆ. ಅದರಿಂದ ಬೇರೆಯಾಗಿ ಶಾಕ್ ಅಬ್ಸಾರ್ಬರ್ ನಿಂತಿರುತ್ತದೆ. ಸ್ಪ್ರಿಂಗು ಭಾರವನ್ನು ಹೊರುವುದು, ಶಾಕ್ ಅಬ್ಸಾರ್ಬರ್ ಅದರ ಪುಟಿತವನ್ನು ಅಡಗಿಸುವುದು, ಬುಶ್ಶು ತಿರುಚಿಕೊಂಡು ಚಲನೆಗೆ ಎಡೆಗೊಡುವುದು, ಇವೆಲ್ಲಕ್ಕೂ ಕೊನೆಯ ಕಾವಲಾಗಿ ಬಂಪ್ ಸ್ಟಾಪರ್ ಇರುವುದು.

ಸ್ಪ್ರಿಂಗು ಹಾಕಿದ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ನೋಡಿ, ಶಾಕ್ ಅಬ್ಸಾರ್ಬರುಗಳು ಹೋಗಿವೆ, ಜೋಡಿ ಬದಲಾಯಿಸಬೇಕು ಎಂದು ತೀರ್ಪು ಕೊಟ್ಟರು. ಆದರೆ ಅವುಗಳ ಮೈಮೇಲೆ ಎಣ್ಣೆ ಒಸರಿದ ಗುರುತಿರಲಿಲ್ಲ. ಕಾರಿನ ಹಿಂಬದಿಯನ್ನು ಬಲವಾಗಿ ಒತ್ತಿ ಬಿಟ್ಟರೆ ಅದು ಒಮ್ಮೆ ಮೇಲೆದ್ದು ಸುಮ್ಮನೆ ನೆಲೆಗೊಳ್ಳುತ್ತಿತ್ತು. ಸಾಕ್ಷ್ಯವಿಲ್ಲದ ಆ ತೀರ್ಪನ್ನು ಒಪ್ಪದೆ, ನಾನು ಶೋಧನೆಯನ್ನು ಮೊದಲಿನಿಂದ ಕೈಗೊಂಡೆ.

ಮೊದಲ ಕೆಲಸ ಡಿಕ್ಕಿಯನ್ನು ಬರಿದುಮಾಡುವುದು. ಜಾಕು, ಸ್ಪ್ಯಾನರು, ಸ್ಟೆಪ್ನಿ, ಹಿಂಗಾಜಿನ ಕೆಳಗಣ ಹಲಗೆ, ಇವುಗಳಲ್ಲಿ ಯಾವುದೊಂದು ಸಡಿಲವಾಗಿದ್ದರೂ ಅದು ಸಸ್ಪೆನ್ಷನ್ನಿನ ಧ್ವನಿಯನ್ನು ಅನುಕರಿಸಿ ನಮ್ಮನ್ನು ಮೋಸಗೊಳಿಸಬಲ್ಲುದು. ಹಿಂದಿನ ಸೀಟಿನ ಬೆನ್ನನ್ನು ಹಿಡಿದಿರುವ ಕೊಂಡಿಯೂ ಹಾಗೆಯೇ. ಎರಡನೆಯದು, ಸದ್ದು ‘ಎಲ್ಲಿಂದ’ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು ‘ಯಾವಾಗ’ ಎಂದು ಕೇಳುವುದು. ಕಾರಿನ ಮೈಯೆಲ್ಲ ಬೆಸೆದ ಉಕ್ಕಿನ ತಗಡಾದುದರಿಂದ ಎಡಗಡೆ ಹುಟ್ಟಿದ ಸದ್ದು ಬಲಗಿವಿಗೆ ಕೇಳಿಸುವುದು ಅಪರೂಪವಲ್ಲ. ದಿಕ್ಕಿನ ವಿಷಯದಲ್ಲಿ ಕಿವಿ ಸುಳ್ಳು ಹೇಳಿದರೂ ಸಮಯದ ವಿಷಯದಲ್ಲಿ ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಸ್ನೇಹಿತರೊಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಒಂದೇ ಚಕ್ರ ಹಳ್ಳಕ್ಕಿಳಿಯುವಂತೆಯೂ, ಎರಡೂ ಚಕ್ರಗಳು ಕೂಡಿ ಹಂಪನ್ನು ಏರಿಳಿಯುವಂತೆಯೂ, ಭಾರ ಹೇರಿಯೂ, ಹೇರದೆಯೂ ನಿಧಾನವಾಗಿ ಓಡಿಸಿ ನೋಡಿದಾಗ, ಒಂದೇ ಎಂದುಕೊಂಡಿದ್ದ ಸದ್ದು ಮೂರಾಗಿ ಬಿಡಿಸಿಕೊಂಡಿತು.

ಮೊದಲನೆಯದು ‘ಟಕ್’ ಎಂಬ ಲೋಹದ ಸದ್ದು. ಇದು ಚಕ್ರ ಹಳ್ಳಕ್ಕಿಳಿಯುವಾಗಲ್ಲ, ಇಳಿದು ಮತ್ತೆ ಭಾರ ಹೊರುವ ಕ್ಷಣದಲ್ಲಿ ಕೇಳಿಸುತ್ತಿತ್ತು. ಹಿಂದೆ ಇಬ್ಬರು ಕುಳಿತರೆ ಬಹುಮಟ್ಟಿಗೆ ಮಾಯವಾಗುತ್ತಿತ್ತು. ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ನಟ್ಟು ಸಡಿಲವಾಗಿದ್ದರೂ ಟಕ್ಕೆನ್ನುವುದುಂಟು, ಆದರೆ ಅದು ಪ್ರತಿಯೊಂದು ಸಣ್ಣ ಉಬ್ಬಿಗೂ ಹಟಹಿಡಿದಂತೆ ಬಡಿಯುವುದು. ಆ ನಟ್ಟನ್ನು ಪರೀಕ್ಷಿಸಿದಾಗ ಬಿಗಿಯಾಗಿಯೇ ಇದ್ದಿತು. ಕಾರನ್ನು ಜಾಕಿನಿಂದೆತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ ಮೇಲೆಯೇ ಕೈಯನ್ನು ಒಳಗಿಟ್ಟು ನೋಡಿದರೆ, ಗಿಡ್ಡ ಸ್ಪ್ರಿಂಗು ತನ್ನ ಪೀಠದಲ್ಲಿ ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿತ್ತು. ಮೂಲದ ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಂಡಾಗ ತೋಳು ಎಷ್ಟು ಕೆಳಗಿಳಿಯುವುದೋ ಅಷ್ಟು ಅಂತರವನ್ನು ತುಂಬುವ ಉದ್ದ ಹೊಸ ಸ್ಪ್ರಿಂಗಿಗೆ ಇರಲಿಲ್ಲ. ಅದರ ತುದಿಯ ಸುರುಳಿ ಪೀಠದ ತೋಡಿನಿಂದ ಜಾರಿ, ಭಾರ ಬಿದ್ದೊಡನೆ ಮರಳಿ ಹಾರಿ ಕೂರುತ್ತಿತ್ತು. ತುದಿಯನ್ನು ತೋಡಿನ ಅಂಚಿಗೆ ಸರಿಯಾಗಿ ತಾಗಿಸಿ, ರಬ್ಬರಿನ ಪೀಠವನ್ನು ಹೊಸದಾಗಿ ಇಟ್ಟುದರಿಂದ ಟಕ್ಕು ಕಡಮೆಯಾಯಿತು, ಪೂರ್ತಿ ಹೋಗಲಿಲ್ಲ.

ಎರಡನೆಯದು ‘ಕಿರ್ರ್’ ಎಂಬ ಎಳೆತ. ನಿಂತ ಕಾರಿನ ಹಿಂಬದಿಯನ್ನು ಮೆಲ್ಲನೆ ಒತ್ತಿದರೂ ಇದು ಕೇಳಿಸುತ್ತಿತ್ತಾಗಿ ಹಿಡಿಯುವುದು ಸುಲಭವಾಯಿತು: ತೋಳಿನ ಬುಶ್ಶಿನ ಮೇಲೆ ನೀರು ಚಿಮುಕಿಸಿದೊಡನೆ ಸ್ವಲ್ಪ ಹೊತ್ತು ಅಡಗಿ, ಆರಿದ ಮೇಲೆ ಮರಳಿತು. ಇಲ್ಲಿ ನೀರಿಗೆ ಬದಲು ಗ್ರೀಸನ್ನೋ ಎಂಜಿನ್ ಎಣ್ಣೆಯನ್ನೋ ಹಚ್ಚುವುದು ಸಲ್ಲದು. ಅವು ರಬ್ಬರನ್ನು ಉಬ್ಬಿಸಿ ಮೆದುಮಾಡುತ್ತವೆ. ಈ ಬುಶ್ಶಿನ ರಬ್ಬರು ಒಳಗಿನ ಉಕ್ಕಿನ ನಳಿಗೆಗೂ ಹೊರಗಿನ ನಳಿಗೆಗೂ ಅಂಟಿಕೊಂಡಿದ್ದು, ಬೋಲ್ಟು ಒಳನಳಿಗೆಯನ್ನು ಯಾವ ಕೋನದಲ್ಲಿ ಬಿಗಿದು ಹಿಡಿದಿದೆಯೋ ಆ ಕೋನವೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿ. ಕಾರು ತಗ್ಗಿದಾಗ ತೋಳಿನ ಕೋನ ಬದಲಾಗುತ್ತದೆ, ಬೋಲ್ಟಿನ ಹಿಡಿತ ಬದಲಾಗುವುದಿಲ್ಲ; ಹೀಗಾಗಿ ನಿಂತಲ್ಲಿಯೂ ರಬ್ಬರು ತಿರುಚಿಕೊಂಡೇ ಇರಬೇಕಾಗುತ್ತದೆ, ಕ್ರಮೇಣ ಹರಿಯುತ್ತದೆ. ಗುಂಡಿಯಿರುವ ಗ್ಯಾರೇಜಿನಲ್ಲಿ ಕಾರನ್ನು ತನ್ನ ಚಕ್ರಗಳ ಮೇಲೆಯೇ ನಿಲ್ಲಿಸಿ, ಬೋಲ್ಟುಗಳನ್ನು ಸಡಿಲಿಸಿ, ಹಿಂಬದಿಯನ್ನು ನಾಲ್ಕಾರು ಸಲ ಅಲುಗಿಸಿ ನೆಲೆಗೊಳಿಸಿ, ಮತ್ತೆ ತಯಾರಕರು ಹೇಳಿದ ಬಿಗಿತಕ್ಕೆ ತಂದುದೇ ಇದಕ್ಕೆ ಮದ್ದಾಯಿತು. ಒಂದು ಬಿಡಿಭಾಗವನ್ನೂ ಕೊಳ್ಳಲಿಲ್ಲ.

ಮೂರನೆಯದು ‘ಧಡ್’ ಎಂಬ ಭಾರವಾದ ಪೆಟ್ಟು. ಶಾಕ್ ಅಬ್ಸಾರ್ಬರಿನ ರಾಡಿಗೆ ಒಂದು ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿದು ಹಂಪು ದಾಟಿಸಿದರೆ, ರಾಡು ಎಲ್ಲಿಯವರೆಗೆ ಒಳಹೊಕ್ಕಿತೆಂಬುದನ್ನು ಪಟ್ಟಿ ಸರಿದ ದೂರವೇ ತೋರಿಸುತ್ತದೆ. ಅದು ಬಂಪ್ ಸ್ಟಾಪರಿನವರೆಗೂ ಹೋಗಿ ನಿಂತಿತ್ತು. ಕಾರು 30 ಮಿಲಿಮೀಟರು ತಗ್ಗಿದರೆ ಸ್ಟಾಪರು ಹೆಚ್ಚುಕಡಮೆ ಅಷ್ಟೇ ಹತ್ತಿರವಾಗುವುದು ಲೆಕ್ಕದ ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಸೂಚನೆಯಂತೆ ಕಟ್ಟಿದ ಹಂಪು 3.7 ಮೀಟರು ಅಗಲವಾಗಿ 10 ಸೆಂಟಿಮೀಟರು ಎತ್ತರದ ಮೆಲುಬಾಗಿನದಾಗಿದ್ದು, ಗಂಟೆಗೆ 25 ಕಿಲೋಮೀಟರಿನ ವೇಗದಲ್ಲಿ ದಾಟತಕ್ಕದ್ದು. ನಮ್ಮ ಬಡಾವಣೆಗಳ ಅನೇಕ ಹಂಪುಗಳಾದರೋ ಅದೇ ಎತ್ತರವನ್ನು ಒಂದು ಮಾರಿನೊಳಗೇ ಏರಿ ಇಳಿಯುತ್ತವೆ. ಸಹಜವಾಗಿಯೇ ಪೆಟ್ಟು ಸ್ಟಾಪರಿಗೆ ಬಿತ್ತು.

ಇವುಗಳ ನಡುವೆ ಸೈಲೆನ್ಸರಿನ ಕೊಳವೆಯನ್ನೂ ನೋಡಿದೆನು. ಅದು ತೊಲೆಯ ಮೇಲುಗಡೆಯಿಂದ ಹಾಯುವುದರಿಂದ ಕಾರು ತಗ್ಗಿದಾಗ ಎರಡರ ಅಂತರ ಕುಗ್ಗುತ್ತದೆ. ತಾಗುತ್ತಿದ್ದರೆ ತಾಗಿದೆಡೆಯಲ್ಲಿ ತುಕ್ಕು ಸವೆದು ಹೊಳಪಾಗಿರುತ್ತದೆ. ಹೊಳಪಿರಲಿಲ್ಲವಾಗಿ ಅದನ್ನು ಬಿಟ್ಟೆನು.

ಕೊನೆಯಲ್ಲಿ ಉಳಿದುವು ಅಳಿದುಳಿದ ಟಕ್ಕೂ ಪೂರ್ಣಬಲದ ಧಡ್ಡೂ. ಬೇರೆಬೇರೆಯೆಂದು ತೋರಿದ ಈ ಎರಡರ ಮೂಲ ಒಂದೇ: ಎತ್ತರದ ಕಾರಿಗಾಗಿ ಮಾಡಿದ ಉದ್ದನೆಯ ಶಾಕ್ ಅಬ್ಸಾರ್ಬರ್ ಕೆಳಮುಖವಾಗಿ ಹೆಚ್ಚು ಚಾಚಿ ಸ್ಪ್ರಿಂಗನ್ನು ಸಡಿಲಿಸುತ್ತಿತ್ತು, ಮೇಲ್ಮುಖವಾಗಿ ಬೇಗನೆ ಮುಗಿದು ಸ್ಟಾಪರಿಗೆ ಬಡಿಯುತ್ತಿತ್ತು. ಗಿಡ್ಡ ಸ್ಪ್ರಿಂಗಿಗೆ ತಕ್ಕ ಗಿಡ್ಡ ಶಾಕ್ ಅಬ್ಸಾರ್ಬರುಗಳನ್ನು ಹಾಕಿಸಿದಾಗ ಟಕ್ಕು ನಿಂತಿತು, ಧಡ್ಡು ಕೆಟ್ಟ ಹಂಪುಗಳಿಗಷ್ಟೇ ಉಳಿಯಿತು. ಗ್ಯಾರೇಜಿನವರೂ ಅದನ್ನೇ ಬದಲಾಯಿಸಿರೆಂದಿದ್ದರಲ್ಲವೆ ಎಂದು ಕೇಳಬಹುದು. ಅವರು ಹೇಳಿದುದು ಹಳೆಯ ಅಳತೆಯದೇ ಹೊಸ ಜೋಡಿ. ಅದನ್ನು ಹಾಕಿದ್ದರೆ ಹಣ ಹೋಗಿ ಸದ್ದು ಇದ್ದಂತೆಯೇ ಇರುತ್ತಿತ್ತು. ಸ್ಪ್ರಿಂಗಿನ ಬೆಲೆಯೊಂದನ್ನೇ ಲೆಕ್ಕಹಾಕಿ ತಗ್ಗಿಸಹೊರಡುವವರು ಈ ಜೋಡಿಯ ಬೆಲೆಯನ್ನೂ, ಕಾರನ್ನು ಚಕ್ರಗಳ ಮೇಲೆ ನಿಲ್ಲಿಸಿ ಬೋಲ್ಟುಗಳನ್ನು ಬಿಗಿಯುವ ಕೂಲಿಯನ್ನೂ ಮೊದಲೇ ಕೂಡಿಸಿಕೊಳ್ಳಬೇಕು. ಅಷ್ಟು ಹಣ ಕೈಯಲ್ಲಿಲ್ಲವಾದರೆ ಕಾರು ತಯಾರಕರು ಕೊಟ್ಟ ಎತ್ತರದಲ್ಲಿಯೇ ಇರಲಿ.