ವಿಮಾನದ ಬಾಗಿಲಲ್ಲಿ: ಭಯದ ಶಿಕ್ಷಣವನ್ನು ಕುರಿತು ಒಂದು ಅಧ್ಯಯನ

ಭಯವೆಂಬುದನ್ನೇ ಅರಿಯದವನು ಧೀರನೆಂಬ ಕಲ್ಪನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಮಕ್ಕಳಿಗೆ ನಾವು ಹೇಳುವ ಕಥೆಗಳ ನಾಯಕರು ಬಹುಮಟ್ಟಿಗೆ ಹೀಗೆಯೇ ಇರುತ್ತಾರೆ. ಆದರೆ ಭಯವನ್ನು ಅಳೆದು ನೋಡುವ ಪ್ರಯತ್ನ ನಡೆದಾಗ ಕಂಡುಬಂದ ಸಂಗತಿ ಬೇರೆಯೇ ಆಗಿದೆ. ಆ ಅಳತೆ ನಡೆದದ್ದು ಪ್ರಯೋಗಶಾಲೆಯ ನಾಲ್ಕು ಗೋಡೆಗಳ ನಡುವೆ ಅಲ್ಲ. ಪ್ಯಾರಾಚೂಟು ಕಟ್ಟಿಕೊಂಡು ಆಕಾಶದಿಂದ ಧುಮುಕಲು ಹೊರಟ ಜನರನ್ನು ಹೊತ್ತೊಯ್ಯುವ ಸಣ್ಣ ವಿಮಾನದಲ್ಲಿ. ಸ್ಕೈಡೈವಿಂಗ್ ಎಂದು ಕರೆಯಲಾಗುವ ಈ ಸಾಹಸಕ್ರೀಡೆಯನ್ನು ಹೊಸದಾಗಿ ಕಲಿಯಹೊರಟವನ ಎದೆಯಲ್ಲಿ ಏನು ನಡೆಯುತ್ತದೆ, ಆತನ ಅಳುಕು ಯಾವ ಬಗೆಯಿಂದ ಹತೋಟಿಗೆ ಬರುತ್ತದೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಕಲಿಸುವ ವೃತ್ತಿಯಲ್ಲಿರುವ ನಮಗೆ ಇದು ತೀರ ಹೊರಗಿನ ವಿಷಯವಲ್ಲ.

ಎತ್ತರದಿಂದ ಬೀಳುವ ಭಯ ಮನುಷ್ಯನಿಗೆ ಸಹಜವಾದುದು. ಆ ಭಯಕ್ಕೆ ಆಧಾರವೂ ಉಂಟು. 1797ನೆಯ ಇಸವಿಯ ಅಕ್ಟೋಬರ್ 22ರಂದು ಫ್ರಾನ್ಸಿನ ಆಂದ್ರೆ ಝಾಕ್ ಗಾರ್ನೆರಿನ್ ಎಂಬಾತನು ಪ್ಯಾರಿಸ್ ನಗರದ ಮೇಲೆ ಬಲೂನಿನಲ್ಲಿ ಏರಿ, ಸುಮಾರು 3,000 ಅಡಿ ಎತ್ತರದಲ್ಲಿ ಬಲೂನಿನ ಹಗ್ಗವನ್ನು ಕತ್ತರಿಸಿ, ರೇಷ್ಮೆಯ ಪ್ಯಾರಾಚೂಟಿನಿಂದ ಕೆಳಗಿಳಿದನು. ಅದು ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ಭಯಂಕರವಾಗಿ ಓಲಾಡಿತು. ಕೊಡೆಯೊಳಗೆ ತುಂಬಿದ ಗಾಳಿ ಅಂಚುಗಳಿಂದ ನುಸುಳಿ ಹೋಗುತ್ತಿದ್ದುದೇ ಅದರ ಕಾರಣ. ಮುಂದೆ ಕೊಡೆಯ ನೆತ್ತಿಯಲ್ಲಿ ರಂಧ್ರವಿರಿಸಿ ಈ ದೋಷವನ್ನು ತಗ್ಗಿಸಲಾಯಿತು. ಇದಾಗಿ ನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೂ, ಬರಿದೇ ಗಾಳಿಯಲ್ಲಿ ಬೀಳುವ ಮನುಷ್ಯನು ಎಚ್ಚರದಪ್ಪುವನು, ಕೊಡೆಯ ಹಗ್ಗವನ್ನು ತಾನಾಗಿ ಎಳೆಯಲಾರನು ಎಂದು ಬಲ್ಲವರಲ್ಲಿಯೇ ಅನೇಕರು ನಂಬಿದ್ದರು. 1919ರ ಏಪ್ರಿಲ್ 28ರಂದು ಅಮೆರಿಕದ ಓಹಾಯೊ ಪ್ರಾಂತದ ಮೆಕ್‌ಕುಕ್ ಫೀಲ್ಡ್ ಎಂಬಲ್ಲಿ ಲೆಸ್ಲಿ ಇರ್ವಿನ್ ಎಂಬ ತರುಣನು ವಿಮಾನದಿಂದ ಜಿಗಿದು, ಬೀಳುತ್ತಿರುವಾಗಲೇ ತನ್ನ ಕೈಯಿಂದ ಕೊಡೆಯನ್ನು ಬಿಚ್ಚಿ ತೋರಿಸಿದನು. ನೆಲ ಮುಟ್ಟುವಾಗ ಆತನ ಕಾಲಿನ ಹರಡು ಮುರಿಯಿತು. ಒಂದು ತಪ್ಪು ನಂಬಿಕೆಯೂ ಅದರೊಡನೆಯೇ ಮುರಿಯಿತು.

ಬೀಳುವವನ ಪ್ರಜ್ಞೆ ಅಳಿಯುವುದಿಲ್ಲವೆಂಬುದು ಹೀಗೆ ಸಿದ್ಧವಾಯಿತಾದರೂ ಬೀಳುವುದಕ್ಕೆ ಮುಂಚಿನ ಭಯವೇನೂ ಹೋಗಲಿಲ್ಲ. ವಿಮಾನ ಮೇಲೇರುತ್ತಿದ್ದಂತೆ ಹೊಸಬನ ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ಕಲಕಿದಂತಾಗುತ್ತದೆ, ಮೊಣಕಾಲುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತವೆ. ಇದನ್ನು ಹೇಡಿತನದ ಗುರುತೆಂದು ತಿಳಿದು ಆತನು ನಾಚುತ್ತಾನೆ. ವಾಸ್ತವದಲ್ಲಿ ಇದು ದೇಹದ ಸಿದ್ಧತೆ. ಅಪಾಯವನ್ನು ಕಂಡ ಪ್ರಾಣಿಯ ದೇಹವು ಕಾದಾಡುವುದಕ್ಕಾಗಲಿ ಓಡಿಹೋಗುವುದಕ್ಕಾಗಲಿ ಒಮ್ಮೆಗೇ ಸನ್ನದ್ಧವಾಗುವುದೆಂಬುದನ್ನು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ತನ್ನ ಗ್ರಂಥದಲ್ಲಿ ವಿವರಿಸಿದನು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ. ಜೀರ್ಣಾಂಗಗಳ ಕೆಲಸ ಹಿಂದೆ ಬಿದ್ದು ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ತೊಡಕೆಂದರೆ, ವಿಮಾನದೊಳಗೆ ಕಾದಾಡಲು ಶತ್ರುವಿಲ್ಲ, ಓಡಲು ಜಾಗವಿಲ್ಲ. ಒದಗಿಬಂದ ಶಕ್ತಿಯೆಲ್ಲ ಕೂತಲ್ಲಿಯೇ ಕುದಿಯಬೇಕಾಗುತ್ತದೆ.

ಹಾಗಾದರೆ ನುರಿತವರಲ್ಲಿ ಈ ಕುದಿತವೇ ಇಲ್ಲವೆ? ಸೇಮೂರ್ ಎಪ್‌ಸ್ಟೀನ್ ಮತ್ತು ವಾಲ್ಟರ್ ಫೆಂಝ್ ಎಂಬ ಮನಶ್ಶಾಸ್ತ್ರಜ್ಞರಿಬ್ಬರು ಅಮೆರಿಕದಲ್ಲಿ ಹಿಡಿದ ಪ್ರಶ್ನೆ ಇದೇ. 1965ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಹೊಸಬರನ್ನೂ ನುರಿತವರನ್ನೂ ಎದುರಿಗಿಟ್ಟುಕೊಂಡು, ಜಿಗಿತದ ಹಿಂದಿನ ರಾತ್ರಿಯಿಂದ ಹಿಡಿದು ನೆಲ ಮುಟ್ಟುವವರೆಗೆ ಯಾವ ಯಾವ ಘಟ್ಟದಲ್ಲಿ ಎಷ್ಟೆಷ್ಟು ಹಿಂಜರಿಕೆ ಉಂಟಾಯಿತೆಂದು ಅವರವರಿಂದಲೇ ಕೇಳಿ ಗುರುತುಮಾಡಿದರು. ಹೊಸಬರ ಹಿಂಜರಿಕೆ ಗಳಿಗೆಗಳಿಗೆಗೂ ಏರುತ್ತ ಹೋಗಿ, 'ಸಿದ್ಧರಾಗಿ' ಎಂಬ ಸೂಚನೆ ಬಂದ ಹೊತ್ತಿಗೆ ಶಿಖರ ಮುಟ್ಟಿತ್ತು. ನುರಿತವರಲ್ಲಿಯೂ ಶಿಖರವಿತ್ತು! ಆದರೆ ಅದು ಬಂದದ್ದು ಆ ದಿನದ ಬೆಳಗಿನಲ್ಲಿ, ಇನ್ನೂ ನೆಲದ ಮೇಲೆ ಇರುವಾಗ. ಅಲ್ಲಿಂದ ಮುಂದೆ ಅದು ಇಳಿಯುತ್ತ ಬಂದು, ಜಿಗಿಯುವ ವೇಳೆಗೆ ತಗ್ಗಿಹೋಗಿತ್ತು.

ಬಾಯಿಮಾತನ್ನಷ್ಟೇ ನಂಬಬಾರದೆಂದು, 1967ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಅವರು ಹೃದಯದ ಬಡಿತ, ಉಸಿರಾಟ, ಬೆವರಿನಿಂದ ಚರ್ಮದ ವಿದ್ಯುದ್ವಾಹಕತೆಯಲ್ಲಾಗುವ ಬದಲಾವಣೆ ಇವುಗಳನ್ನು ಯಂತ್ರಗಳಿಂದಲೇ ಅಳೆದರು. ಹೊಸಬರ ಗೆರೆಗಳು ಕಡೆಯ ಕ್ಷಣದವರೆಗೂ ಮೇಲಕ್ಕೇ ಹತ್ತಿದವು. ನುರಿತವರ ಗೆರೆಗಳು ಮೊದಮೊದಲು ಏರಿ, ದಾರಿಯ ನಡುವೆಯೇ ಬಾಗಿ, ಬಾಗಿಲ ಬಳಿಗೆ ಬರುವ ವೇಳೆಗೆ ಇಳಿಮುಖವಾಗಿದ್ದವು. 1972ರಲ್ಲಿ ಫೆಂಝ್ ಮತ್ತು ಜೋನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅನುಭವವುಳ್ಳವರಲ್ಲಿಯೇ ಚೆನ್ನಾಗಿ ಜಿಗಿಯುವವರು, ಸರಿಯಾಗಿ ಜಿಗಿಯಲಾರದವರು ಎಂದು ವಿಂಗಡಿಸಿ ನೋಡಿದಾಗ, ಚೆನ್ನಾಗಿ ಜಿಗಿಯುವವರ ಗೆರೆ ಮೇಲೆ ಹೇಳಿದಂತೆ ಏರಿ ಇಳಿಯುತ್ತಿತ್ತು. ಉಳಿದವರ ಗೆರೆ ಹೊಸಬರದನ್ನು ಹೋಲುತ್ತಿತ್ತು. ಎಂದರೆ, ಬರಿಯ ಜಿಗಿತಗಳ ಸಂಖ್ಯೆ ಸಾಲದು.

ಈ ಸಂಶೋಧನೆಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ತೋರುವ ಅಂಶವೊಂದುಂಟು. ನುರಿತವನಲ್ಲಿ ಭಯ ಅಳಿದಿಲ್ಲ. ಅದು ಬರುವ ಹೊತ್ತು ಬದಲಾಗಿದೆ. ಬೆಳಗಿನಲ್ಲಿಯೇ ಬಂದ ಭಯ ಆತನಿಂದ ಕೆಲಸ ಮಾಡಿಸುತ್ತದೆ: ಗಾಳಿಯ ವೇಗವನ್ನು ವಿಚಾರಿಸುತ್ತಾನೆ, ಪಟ್ಟಿಗಳ ಕೊಂಡಿಗಳನ್ನು ಮತ್ತೆ ಮುಟ್ಟಿ ನೋಡುತ್ತಾನೆ, ಮೀಸಲು ಕೊಡೆಯ ಹಿಡಿಕೆ ಎಲ್ಲಿದೆಯೆಂದು ಕೈಯಿಟ್ಟು ಖಚಿತಮಾಡಿಕೊಳ್ಳುತ್ತಾನೆ. ಅದೇ ಭಯ ಬಾಗಿಲ ಬಳಿ ಬಂದರೆ ಮಾಡಬಹುದಾದ ಕೆಲಸವೇ ಇಲ್ಲ. ಕೈಕಾಲುಗಳನ್ನು ಕಟ್ಟಿಹಾಕುವುದಷ್ಟೇ ಅದರ ಫಲ.

ಹೊಸಬನ ತರಬೇತಿಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಒಂದೊಂದು ಅಂಗವೂ ಅರ್ಥವಾಗುತ್ತದೆ. ತರಬೇತಿಯ ಬಹುಭಾಗ ನಡೆಯುವುದು ನೆಲದ ಮೇಲೆಯೇ. ಎರಡೂ ಪಾದಗಳನ್ನೂ ಮೊಣಕಾಲುಗಳನ್ನೂ ಜೋಡಿಸಿ, ಮಂಡಿಯನ್ನು ತುಸು ಬಾಗಿಸಿ, ಅಂಗಾಲಿನ ಮುಂಭಾಗ, ಮೀನಖಂಡ, ತೊಡೆ, ನಿತಂಬ, ಬೆನ್ನಿನ ಪಕ್ಕ ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗುವಂತೆ ಹೊರಳುವುದನ್ನು ಎತ್ತರವಾದ ಕಟ್ಟೆಯಿಂದ ಜಿಗಿಸಿ ಜಿಗಿಸಿ ಕಲಿಸುತ್ತಾರೆ. ಬಿದ್ದ ಪೆಟ್ಟು ಒಂದೇ ಕಡೆ ನಿಲ್ಲದೆ ಮೈಯೆಲ್ಲ ಹಂಚಿಹೋಗಲೆಂಬುದು ಇದರ ಉದ್ದೇಶ. ಪಾಪ, ಇರ್ವಿನ್ನನಿಗೆ ಇದು ತಿಳಿದಿದ್ದರೆ ಹರಡು ಉಳಿಯುತ್ತಿತ್ತೋ ಏನೋ. ಅನಂತರ ಮೇಲಿನಿಂದ ಇಳಿಬಿಟ್ಟ ಪಟ್ಟಿಗಳಲ್ಲಿ ಶಿಕ್ಷಾರ್ಥಿಯನ್ನು ತೂಗುಹಾಕಿ, 'ಕೊಡೆ ಬಿಚ್ಚಿಲ್ಲ', 'ಹಗ್ಗಗಳು ಹೆಣೆದುಕೊಂಡಿವೆ' ಎಂದು ಶಿಕ್ಷಕನು ಒಂದೊಂದು ವಿಪತ್ತನ್ನು ಕೂಗುತ್ತಾನೆ. ಕೆಟ್ಟುಹೋದ ಕೊಡೆಯನ್ನು ಕಳಚಿ, ಮೀಸಲು ಕೊಡೆಯನ್ನು ಎಳೆಯುವ ಕ್ರಮವನ್ನು ಶಿಕ್ಷಾರ್ಥಿ ಕೂಡಲೇ ಮಾಡಿ ತೋರಿಸಬೇಕು. ಹತ್ತು ಸಲ, ಇಪ್ಪತ್ತು ಸಲ, ಬೇಸರ ಬರುವಷ್ಟು ಸಲ. ಈ ಬೇಸರ ಬಹಳ ಬೆಲೆಯುಳ್ಳದ್ದು. ಯಾವುದನ್ನು ನೆನೆದರೆ ರಾತ್ರಿ ನಿದ್ರೆ ಬಾರದೋ ಅದೇ ಸಂಗತಿಯನ್ನು ನೆಲದ ಮೇಲೆ ಹಾಡುಹಗಲಲ್ಲಿ ಮರಳಿ ಮರಳಿ ಎದುರಿಸಿದಾಗ, ಭಯವು ತನ್ನ ಬಲದ ಬಹುಪಾಲನ್ನು ಅಲ್ಲಿಯೇ ವೆಚ್ಚಮಾಡಿ ಮುಗಿಸುತ್ತದೆ.

ನಮ್ಮ ದೇಶದ ಸೈನಿಕರಿಗೆ ಈ ವಿದ್ಯೆಯನ್ನು ಕಲಿಸುವ ಶಾಲೆ ಆಗ್ರಾದಲ್ಲಿದೆ. ಭಾರತೀಯ ವಾಯುಪಡೆಯ ವೈದ್ಯೆ ಗೀತಾ ಚಂದ 1959ರಲ್ಲಿ ಪ್ಯಾರಾಚೂಟಿನಿಂದ ಜಿಗಿದ ಪ್ರಥಮ ಭಾರತೀಯ ಮಹಿಳೆಯೆನಿಸಿದರು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವು 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂದುದರಿಂದ, ಈ ಕ್ಷೇತ್ರದೊಡನೆ ಕನ್ನಡನಾಡಿಗೂ ಒಂದು ನಂಟು ಬೆಳೆಯಿತು.

ಕ್ರೀಡೆಯಾಗಿ ಕಲಿಯುವವರಿಗೆ ಮೂರು ಮಾರ್ಗಗಳಿವೆ. ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಕೊಡೆಯನ್ನು ಎಳೆದು ಬಿಚ್ಚುವಂತೆ ಸುಮಾರು 3,500 ಅಡಿಗಳಿಂದ ಜಿಗಿಯುವುದು ಹಳೆಯ ಪದ್ಧತಿ. 1980ರ ದಶಕದಲ್ಲಿ ರೂಢಿಗೆ ಬಂದ ಎರಡು ಪದ್ಧತಿಗಳಲ್ಲಿ ಒಂದು, ಶಿಕ್ಷಕನ ಎದೆಗೆ ಶಿಕ್ಷಾರ್ಥಿಯನ್ನು ಬಿಗಿದು ಒಂದೇ ಕೊಡೆಯಲ್ಲಿ ಇಬ್ಬರೂ ಇಳಿಯುವುದು. ಇನ್ನೊಂದು, ಇಬ್ಬರು ಶಿಕ್ಷಕರು ಎಡಬಲಗಳಲ್ಲಿ ಹಿಡಿದುಕೊಂಡಿರುವಾಗ ಶಿಕ್ಷಾರ್ಥಿ ತನ್ನ ಕೊಡೆಯನ್ನು ತಾನೇ ಬಿಚ್ಚುವುದು. ಜೋಡಿಯಾಗಿ ಇಳಿಯುವುದು ರುಚಿ ನೋಡಲು ಒಳ್ಳೆಯದು. ಆದರೆ ನಿರ್ಧಾರವೆಲ್ಲ ಬೆನ್ನ ಹಿಂದಿನವನದಾದ್ದರಿಂದ ಭಯವನ್ನು ಆಳುವ ಪಾಠ ಅಲ್ಲಿ ಅಷ್ಟಾಗಿ ದೊರೆಯುವುದಿಲ್ಲವೆಂದು ನನ್ನ ಅಭಿಪ್ರಾಯ. 1991ರಿಂದ ಬಳಕೆಗೆ ಬಂದ ಸೈಪ್ರೆಸ್ ಎಂಬ ಸಣ್ಣ ಯಂತ್ರವು, ಧುಮುಕಿದವನು ಸುಮಾರು 750 ಅಡಿಗೆ ಇಳಿದರೂ ವೇಗ ತಗ್ಗದಿದ್ದರೆ ಮೀಸಲು ಕೊಡೆಯನ್ನು ತಾನೇ ಬಿಚ್ಚುತ್ತದೆ. ಇದು ಮನಸ್ಸಿಗೆ ಧೈರ್ಯ ಕೊಡುವುದು ನಿಜ. ಆದರೆ ಯಂತ್ರವಿದೆಯೆಂದು ಕೈಯನ್ನು ಸುಮ್ಮನೆ ಬಿಡಬಾರದೆಂದು ಎಲ್ಲ ಶಿಕ್ಷಕರೂ ಎಚ್ಚರಿಸುತ್ತಾರೆ.

ಇನ್ನು ಬಾಗಿಲು ತೆರೆಯುವ ಕ್ಷಣ. ಗಾಳಿ ಮೊರೆಯುತ್ತ ಒಳನುಗ್ಗುತ್ತದೆ; ಕೆಳಗೆ ಹೊಲಗದ್ದೆಗಳು ಚಿಂದಿಬಟ್ಟೆಗಳನ್ನು ಹೊಲಿದ ಕೌದಿಯಂತೆ ಕಾಣುತ್ತವೆ. ಒಳ್ಳೆಯ ಶಿಕ್ಷಕನು ಈ ಗಳಿಗೆಯಲ್ಲಿ 'ಹೆದರಬೇಡ' ಎನ್ನುವುದಿಲ್ಲ. 'ದೀರ್ಘವಾಗಿ ಉಸಿರು ಬಿಡು. ದಿಗಂತದ ಕಡೆ ನೋಡು. ಸೊಂಟವನ್ನು ಮುಂದಕ್ಕೆ ತಳ್ಳು' ಎನ್ನುತ್ತಾನೆ. ಈ ಮೂರೂ ಮಾಡಬಲ್ಲ ಕೆಲಸಗಳು. ಉಸಿರನ್ನು ನಿಧಾನವಾಗಿ ಹೊರಬಿಟ್ಟಾಗ ಹೃದಯದ ಬಡಿತ ತುಸು ಇಳಿಯುವುದು ಶರೀರದ ಧರ್ಮ. ದಿಗಂತವನ್ನು ನೋಡುವ ಕಣ್ಣು ಕೆಳಗಿನ ಆಳವನ್ನು ಅಳೆಯುವುದಿಲ್ಲ. ಸೊಂಟವನ್ನು ಮುಂದಕ್ಕೆ ತಳ್ಳಿ ಕೈಕಾಲುಗಳನ್ನು ಹಿಂದಕ್ಕೆ ಚಾಚಿದಾಗ ಮೈ ಬಿಲ್ಲಿನಂತೆ ಬಾಗಿ, ಹೊಟ್ಟೆ ಕೆಳಗಾಗಿ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಭಯಗೊಂಡವನು ಮುದುಡಿಕೊಳ್ಳುವುದು ಸಹಜ. ಮುದುಡಿದವನು ಗಾಳಿಯಲ್ಲಿ ಉರುಳುತ್ತಾನೆ. ಆದ್ದರಿಂದ ಸಹಜಕ್ಕೆ ವಿರುದ್ಧವಾದ ಈ ಭಂಗಿಯನ್ನು ನೆಲದ ಮೇಲೆಯೇ ಮೈಗೆ ಒಗ್ಗಿಸಿರುತ್ತಾರೆ.

ಪರೀಕ್ಷೆಯ ಬೆಳಿಗ್ಗೆ ಕೋಣೆಯ ಹೊರಗೆ ಬಿಳಿಚಿಕೊಂಡು ನಿಂತ ಎಷ್ಟೋ ಮಕ್ಕಳಿಗೆ ನಾನೂ 'ಹೆದರಬೇಡ' ಎಂದೇ ಹೇಳುತ್ತ ಬಂದವನು. ಅವರ ಹೆದರಿಕೆಯ ಜೊತೆಗೆ, ಹೆದರಿದ್ದಕ್ಕಾಗಿ ನಾಚಿಕೆಯನ್ನೂ ಸೇರಿಸಿ ಒಳಗೆ ಕಳಿಸಿದೆನೆಂದು ಈಗ ಅನ್ನಿಸುತ್ತದೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಮುನ್ನ ತಮ್ಮ ತಳಮಳವನ್ನು ಉತ್ಸಾಹವೆಂದು ಹೆಸರಿಸಿಕೊಂಡವರು, ಶಾಂತರಾಗಲು ಯತ್ನಿಸಿದವರಿಗಿಂತ ಮೇಲಾಗಿ ನಿರ್ವಹಿಸಿದರು. ಬಡಿಯುವ ಎದೆಯನ್ನು ಅಪ್ಪಣೆಯಿಂದ ತಣಿಸುವುದು ಕಷ್ಟ. ಅದಕ್ಕೆ ಬೇರೊಂದು ಹೆಸರಿಡುವುದು ಅಷ್ಟು ಕಷ್ಟವಲ್ಲ.

ಇದರೊಡನೆ ಇನ್ನೊಂದು ಮಾತನ್ನೂ ಹೇಳಬೇಕು. ಕ್ರೀಡೆಯಾಗಿ ಜಿಗಿಯುವವನಿಗೆ ಕಡೆಯ ಗಳಿಗೆಯಲ್ಲಿಯೂ 'ಒಲ್ಲೆ' ಎಂದು ವಿಮಾನದಲ್ಲಿಯೇ ಹಿಂದಿರುಗುವ ಹಕ್ಕುಂಟು. ಗಾಳಿ ಮೀರಿದ ದಿನ, ಮೈ ಸರಿಯಿಲ್ಲದ ದಿನ ಹಾಗೆ ಹಿಂದಿರುಗುವವರಲ್ಲಿ ಸಾವಿರ ಜಿಗಿತ ಕಂಡವರೂ ಇರುತ್ತಾರೆ. ಅವರನ್ನು ನೋಡಿ ನಗುವವನ ಬಳಿ ಈ ವಿದ್ಯೆಯನ್ನು ಕಲಿಯಬಾರದು.

ಕಾಲು ಬಾಗಿಲನ್ನು ಬಿಟ್ಟ ಮೇಲೆ ಹೊಸಬನಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಉಯ್ಯಾಲೆ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಉಂಟಾಗುವ ಕುಸಿತದ ಅನುಭವ ಇಲ್ಲಿ ಬಹುಮಟ್ಟಿಗೆ ಇಲ್ಲ. ವಿಮಾನವೇ ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ಮುಂದೆ ಸಾಗುತ್ತಿರುವುದರಿಂದ ಅವನ ಮೈ ಮೊದಲೇ ಗಾಳಿಯ ಒತ್ತಡದಲ್ಲಿರುತ್ತದೆ. ಮುಂದಕ್ಕಿದ್ದ ವೇಗ ಮೆಲ್ಲನೆ ಕೆಳಕ್ಕೆ ತಿರುಗುತ್ತದೆ. ಮೊದಲ 1,000 ಅಡಿಗೆ ಸುಮಾರು ಹತ್ತು ಸೆಕೆಂಡು. ಆಮೇಲೆ ಗಾಳಿಯ ತಡೆ ದೇಹದ ಭಾರಕ್ಕೆ ಸಮನಾಗಿ, ವೇಗವು ಗಂಟೆಗೆ 190ರಿಂದ 200 ಕಿಲೋಮೀಟರಿನಲ್ಲಿ ನಿಂತುಬಿಡುತ್ತದೆ. ಬೀಳುತ್ತಿದ್ದೇನೆಂಬುದಕ್ಕಿಂತ ಗಾಳಿಯ ಹಾಸಿಗೆಯ ಮೇಲೆ ಮಲಗಿದ್ದೇನೆಂಬ ಭಾವನೆಯೇ ಹೆಚ್ಚು. ಮಣಿಕಟ್ಟಿನ ಎತ್ತರಮಾಪಕದ ಮುಳ್ಳು ಮಾತ್ರ ನಿಜವನ್ನು ಹೇಳುತ್ತಿರುತ್ತದೆ. ಅದನ್ನು ಮರಳಿ ಮರಳಿ ನೋಡುವುದೇ ಶಿಕ್ಷಾರ್ಥಿಯ ಮೊದಲ ಕರ್ತವ್ಯ. ಸುಮಾರು 5,500 ಅಡಿಯಲ್ಲಿ ಕೈ ಹಿಂದಕ್ಕೆ ಹೋಗಿ ಹಿಡಿಕೆಯನ್ನು ಎಳೆಯುತ್ತದೆ. ಕೊಡೆ ಅರಳಿದೊಡನೆ ಅಷ್ಟು ಹೊತ್ತಿನ ಮೊರೆತ ನಿಂತು, ಕೆಳಗೆ ನಾಯಿ ಬೊಗಳುವುದೂ ಒಮ್ಮೊಮ್ಮೆ ಕೇಳಿಸುವಷ್ಟು ನಿಶ್ಶಬ್ದವಾಗುತ್ತದೆ.

ನೆಲ ಮುಟ್ಟಿದವರ ಸ್ಥಿತಿಯನ್ನು ಸಾಲೊಮನ್ ಮತ್ತು ಕಾರ್ಬಿಟ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಚರ್ಚಿಸಿದ್ದಾರೆ. ಮೊದಲ ಸಲ ಇಳಿದವನು ಕೆಲವು ನಿಮಿಷ ಮಂಕಾಗಿ ಸುಮ್ಮನಿರುತ್ತಾನೆ. ಆಮೇಲೆ ನಗುತ್ತ, ಕೈಯಾಡಿಸುತ್ತ, ಒಂದೇ ಸಮನೆ ಮಾತಿಗೆ ತೊಡಗುತ್ತಾನೆ. ಜಿಗಿತಗಳು ಹೆಚ್ಚಿದಂತೆ ಮುಂಚಿನ ಭೀತಿ ತಗ್ಗಿ, ಅನಂತರದ ಉಲ್ಲಾಸ ಗಂಟೆಗಟ್ಟಲೆ ಉಳಿಯುತ್ತದೆ. ಆದರೆ ಆ ಮಾತಿನ ಹೊನಲಿಗೆ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಗಾಳಿ ತುಂಬಿದ ಕೊಡೆ ನೆಲದ ಮೇಲೆಯೂ ಮನುಷ್ಯನನ್ನು ದರದರನೆ ಎಳೆದೊಯ್ಯಬಲ್ಲದು. ಎದ್ದ ಕೂಡಲೇ ಕೊಡೆಯ ಆಚೆ ಬದಿಗೆ ಓಡಿ, ಗಾಳಿಯನ್ನು ಹೊರಚೆಲ್ಲಿ, ಬಟ್ಟೆಯನ್ನು ತೋಳಿನಲ್ಲಿ ಸುತ್ತಿ ಹೆಗಲಿಗೇರಿಸಬೇಕು. ಅಷ್ಟಾದ ಮೇಲೆ ಆತನು ಮೈದಾನವನ್ನು ದಾಟಿ ನಡೆದು ಬರುತ್ತಾನೆ. ಶಿಕ್ಷಕನು ಆತನ ಹೆಸರಿನ ಪುಸ್ತಕವನ್ನು ತೆರೆದು, ಜಿಗಿತದ ಸಂಖ್ಯೆ ಒಂದು ಎಂದು ಬರೆಯುತ್ತಾನೆ.