ಕರಿ ಎರೆ, ಬಿಳಿ ಸವಳು: ಉಪಗ್ರಹಕ್ಕೆ ಎರಡೂ ಕಾಣುವುದು ಹೇಗೆ?

ಬೆಳೆ ಅಂದಾಜು, ಬರ ಸಮೀಕ್ಷೆ, ಬೆಳೆ ವಿಮೆ ಎಲ್ಲದಕ್ಕೂ ಈಗ ಉಪಗ್ರಹದ ಚಿತ್ರ ಬಳಸುತ್ತಾರೆ. 2023ರಲ್ಲಿ ಫಸಲ್ ಬಿಮಾ ಯೋಜನೆಗೆ ಸೇರಿಸಿದ ಯೆಸ್-ಟೆಕ್ ಪದ್ಧತಿಯಲ್ಲಿ ಭತ್ತ, ಗೋಧಿಯ ಇಳುವರಿ ನಿರ್ಧರಿಸುವಾಗ ಇಂಥ ಲೆಕ್ಕಕ್ಕೆ ಕನಿಷ್ಠ ಶೇ. 30 ತೂಕ ಇಟ್ಟರು. ಅಂದಮೇಲೆ ಮೇಲಿನ ಕಣ್ಣಿಗೆ ನಮ್ಮ ಹೊಲ ಹೇಗೆ ಕಾಣುತ್ತದೆ ಅನ್ನೋದು ನಮಗೂ ತಿಳಿದಿರಬೇಕು.

ತೊಡಕು ಎಲ್ಲಿ?

ನಮ್ಮ ಯಾಪಲದಿನ್ನಿಯಿಂದ ಮಾನ್ವಿ ಕಡೆ ಹೋಗಿ ನೋಡ್ರಿ. ಮಳೆ ಬಿದ್ದ ಎರೆ ಹೊಲ ಕಪ್ಪು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಾಟಿಗೆ ನೀರು ನಿಲ್ಲಿಸಿದ ಗದ್ದೆ ಇನ್ನೂ ಕಪ್ಪು. ಅದರ ಪಕ್ಕದಲ್ಲೇ ಸವಳು ಎದ್ದ ನೆಲ ಬೆಳ್ಳಗೆ ಕಣ್ಣು ಕುಕ್ಕುತ್ತದೆ. ಮೇಲೆ ಮೋಡದ ತುಣುಕು ಬಂದರೆ ಅದು ಇನ್ನೂ ಬಿಳಿ. ಕ್ಯಾಮರಾ ಕಪ್ಪಿಗೆ ಹೊಂದಿಸಿದರೆ ಬಿಳಿ ಸುಟ್ಟು ಹೋಗುತ್ತದೆ. ಬಿಳಿಗೆ ಹೊಂದಿಸಿದರೆ ಕಪ್ಪೆಲ್ಲ ಒಂದೇ ಮಸಿ.

ಮೊಬೈಲಿನಲ್ಲಿ ಎಚ್‌ಡಿಆರ್ ಅಂತ ಒಂದು ಸೌಲಭ್ಯ ಇರುತ್ತದೆ. ಕಡಿಮೆ ಬೆಳಕಿನದೊಂದು, ಹೆಚ್ಚು ಬೆಳಕಿನದೊಂದು ಚಿತ್ರ ತೆಗೆದು ಕೂಡಿಸುತ್ತದೆ. ಉಪಗ್ರಹಕ್ಕೆ ಅಷ್ಟು ಪುರುಸೊತ್ತಿಲ್ಲ. ಅದು ಸೆಕೆಂಡಿಗೆ ಸುಮಾರು 7 ಕಿ.ಮೀ. ಓಡುತ್ತ ನೆಲವನ್ನು ಒಂದೊಂದೇ ಗೆರೆಯಾಗಿ ಓದುತ್ತದೆ. ಒಂದು ಗೆರೆಗೆ ಸಿಗುವುದು ಸೆಕೆಂಡಿನ ಇನ್ನೂರು-ಮುನ್ನೂರರಲ್ಲಿ ಒಂದು ಪಾಲು. ಹೀಗಾಗಿ ಕೆಲವು ಕ್ಯಾಮರಾಗಳಲ್ಲಿ ಒಂದರ ಹಿಂದೆ ಒಂದು ಸಾಲು ಕಣ್ಣುಗಳನ್ನು ಜೋಡಿಸಿ, ಅದೇ ಜಾಗವನ್ನು ಬೇರೆ ಬೇರೆ ಬೆಳಕಿನಲ್ಲಿ ಓದಿಸುತ್ತಾರೆ. ಇನ್ನೊಂದು ದಾರಿ, ಬೆಳಕನ್ನು ಹೆಚ್ಚು ಸೂಕ್ಷ್ಮವಾಗಿ ಎಣಿಸುವುದು. ನಮ್ಮ ಇಸ್ರೋ ಉಪಗ್ರಹಗಳಲ್ಲಿ ಆದದ್ದು ಇದು.

ಕಾಟಾದ ಲೆಕ್ಕ

ಹತ್ತಿ ಅಂಡಿಗೆ ತೂಗುವ ಕಾಟಾದಲ್ಲಿ ಬಂಗಾರ ತೂಗಲಾಗದು. ಬಂಗಾರದ ತಕ್ಕಡಿಗೆ ಅಂಡಿಗೆ ಇಟ್ಟರೆ ಅದು ಮುರಿಯುತ್ತದೆ. ಎರಡನ್ನೂ ತೂಗಬೇಕಾದರೆ ಕಾಟಾ ದೊಡ್ಡದಿರಬೇಕು, ಅದರ ಗೆರೆಗಳು ಸಣ್ಣವಿರಬೇಕು. ಕ್ಯಾಮರಾದ ಈ ಗೆರೆಗಳನ್ನು ಬಿಟ್‌ನಲ್ಲಿ ಹೇಳುತ್ತಾರೆ. 7 ಬಿಟ್ ಅಂದರೆ 128 ಮೆಟ್ಟಿಲು, 10 ಬಿಟ್ ಅಂದರೆ 1,024, 12 ಬಿಟ್ ಅಂದರೆ 4,096.

ಒಂದು ಲೆಕ್ಕ ಹಾಕೋಣ. ಹಸಿ ಎರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 5 ಪಾಲು, ಒಣ ಎರೆ 10 ಪಾಲು ಹಿಂದಕ್ಕೆ ಕಳಿಸುತ್ತದೆ ಅಂತ ಇಟ್ಟುಕೊಳ್ಳಿ. ಬಿಳಿಯ ತುದಿಯವರೆಗೂ ಹಿಡಿಯುವ 7 ಬಿಟ್ ಕ್ಯಾಮರಾದಲ್ಲಿ ಇವೆರಡರ ನಡುವೆ ಬರೇ 6 ಮೆಟ್ಟಿಲು. 10 ಬಿಟ್‌ನಲ್ಲಿ 51. 12 ಬಿಟ್‌ನಲ್ಲಿ 200ಕ್ಕೂ ಮೇಲೆ. ನೆಲದ ಹಸಿ ಎಷ್ಟು ಆರಿದೆ ಅನ್ನುವ ಸಣ್ಣ ವ್ಯತ್ಯಾಸ ಗೊತ್ತಾಗುವುದು ಆಗಲೇ.

1988ರ ಮಾರ್ಚ್ 17ರಂದು ಹಾರಿದ, ಐಆರ್‌ಎಸ್ ಸರಣಿಯ ನಮ್ಮ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 7 ಬಿಟ್‌ನದು. 2003ರ ರಿಸೋರ್ಸ್‌ಸ್ಯಾಟ್-1ರಲ್ಲೂ ಲಿಸ್-3 ಕ್ಯಾಮರಾ 7 ಬಿಟ್‌ನದೇ. 2011ರ ಏಪ್ರಿಲ್‌ನಲ್ಲಿ ಹಾರಿದ ರಿಸೋರ್ಸ್‌ಸ್ಯಾಟ್-2ರಲ್ಲಿ ಲಿಸ್-3 10 ಬಿಟ್‌ಗೆ, ಎವಿಫ್ಸ್ ಕ್ಯಾಮರಾ 12 ಬಿಟ್‌ಗೆ ಏರಿದವು.

ಇದರಿಂದ ಆಗದ್ದೇನು?

ಮೆಟ್ಟಿಲು ಹೆಚ್ಚಾದರೆ ಚುಕ್ಕೆ ಸಣ್ಣದಾಗುವುದಿಲ್ಲ. ಲಿಸ್-3ರ ಒಂದು ಚುಕ್ಕೆ ನೆಲದ ಮೇಲೆ ಸುಮಾರು 23.5 ಮೀಟರ್ ಚೌಕ, ಅಂದರೆ ಐದೂವರೆ ಗುಂಟೆ. ಎವಿಫ್ಸ್‌ನ ಒಂದು ಚುಕ್ಕೆ 56 ಮೀಟರ್ ಚೌಕ, 31 ಗುಂಟೆ. ಒಂದೆಕರೆ ಹೊಲದಲ್ಲಿ ತೊಗರಿ, ಹತ್ತಿ, ಬದುವಿನ ಗಿಡ, ಒಂದಿಷ್ಟು ಸವಳು ಇದ್ದರೆ ಎವಿಫ್ಸ್‌ನ ಚುಕ್ಕೆಯಲ್ಲಿ ಎಲ್ಲ ಕಲಸಿ ಒಂದೇ ಅಂಕಿ ಆಗುತ್ತದೆ. ಮೋಡದ ಕೆಳಗಿನದು ಎಷ್ಟು ಬಿಟ್ ಇದ್ದರೂ ಕಾಣದು. ಅದಕ್ಕೆ ರೇಡಾರ್ ಬೇಕು. 2022ರ ಫೆಬ್ರವರಿಯಲ್ಲಿ ಹಾರಿದ ಇಒಎಸ್-04 ಅಂಥದ್ದು.

ನಾವು ಮಾಡಬೇಕಾದ್ದು

ರಾಜ್ಯದ ಬೆಳೆ ಸಮೀಕ್ಷೆ ಆಪ್‌ನಲ್ಲಿ ರೈತರೇ ತಮ್ಮ ಬೆಳೆ ದಾಖಲಿಸುವ ವ್ಯವಸ್ಥೆ 2020ರಲ್ಲಿ ಬಂತು. ಅಂಥ ಅವಕಾಶ ಇದ್ದಾಗ ಪಕ್ಕದವರ ಮೇಲೆ ಬಿಡದೆ ನಾವೇ ಹೊಲದಲ್ಲಿ ನಿಂತು ಫೋಟೊ ಹಾಕಬೇಕು. ಮಿಶ್ರ ಬೆಳೆ ಇದ್ದರೆ ಎರಡನ್ನೂ ಬರೆಸಬೇಕು. ಸವಳು ಬಿದ್ದ ಜಾಗ, ನೀರು ನಿಂತ ಜಾಗದ ಫೋಟೊ ತಾರೀಖು ಸಮೇತ ಇಟ್ಟುಕೊಳ್ಳಬೇಕು. ಉಪಗ್ರಹದ ಪ್ರಕಾರ ನಿಮ್ಮಲ್ಲಿ ಬೆಳೆ ಚಲೋ ಇದೆ ಅಂತ ಯಾರಾದರೂ ಅಂದರೆ ಮೂರು ಪ್ರಶ್ನೆ ಕೇಳ್ರಿ: ಯಾವ ತಾರೀಖಿನ ಚಿತ್ರ, ಚುಕ್ಕೆ ಎಷ್ಟು ದೊಡ್ಡದು, ನೆಲದ ಮೇಲೆ ಬಂದು ತಾಳೆ ನೋಡಿದಿರಾ?

ಮೇಲಿನ ಕಣ್ಣು ಚುರುಕಾಗಿದೆ, ನಿಜ. ಅದು ಕಂಡ ಕಪ್ಪು ಹಸಿಯೋ, ನೀರೋ, ಸುಟ್ಟ ಕೂಳೆಯೋ ಎಂದು ಹೇಳಬೇಕಾದವರು ಹೊಲದಲ್ಲಿ ನಿಂತ ನಾವೇ.